ಹಿಂಗೋಲಿಯಲ್ಲಿ ಕಪ್ಪುಕುಳಿಗೆ ಕಿವಿಗೊಡುವ ಮುನ್ನ

2016ರ ಫೆಬ್ರುವರಿ 11ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಲೈಗೊ ವೀಕ್ಷಣಾ ಕೇಂದ್ರಗಳ ವಿಜ್ಞಾನಿಗಳು ದೇಶ-ಕಾಲವನ್ನೇ ಹಿಗ್ಗಿಸಿ ಕುಗ್ಗಿಸುವ ಗುರುತ್ವ ಅಲೆ ಸಿಕ್ಕಿದೆಯೆಂದು ಸಾರಿದರು. ಫೆಬ್ರುವರಿ 17ರಂದು ನಮ್ಮ ಕೇಂದ್ರ ಸಂಪುಟ ಅಂಥದ್ದೇ ಇನ್ನೊಂದು ಕೇಂದ್ರವನ್ನು ಭಾರತದಲ್ಲಿ ಕಟ್ಟಲು ತಾತ್ವಿಕ ಒಪ್ಪಿಗೆ ಕೊಟ್ಟಿತು. ನಡುವೆ ಇದ್ದದ್ದು ಆರೇ ದಿನ. ಹಣದ ಸಮೇತ ಪೂರ್ಣ ಒಪ್ಪಿಗೆ ಬಂದದ್ದು 2023ರ ಏಪ್ರಿಲ್ 6ರಂದು. ಅದಕ್ಕೆ ಏಳು ವರ್ಷ ಹಿಡಿಯಿತು. ಮೊತ್ತ 2,600 ಕೋಟಿ ರೂಪಾಯಿ. ಜಾಗ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ 174 ಎಕರೆ. ಗಡುವು 2030.

ಊರಿಗೆ ನೀರು ಕೊಡದ, ದೀಪ ಹಚ್ಚದ ಒಂದು ಯಂತ್ರಕ್ಕೆ ಇಷ್ಟು ಹಣ ಹಾಕುವುದು ಸರಿಯೆ? ಕೇಳುವವರನ್ನು ವಿಜ್ಞಾನದ ವಿರೋಧಿಗಳೆಂದು ಬದಿಗೆ ಸರಿಸುವುದು ಸುಲಭ. ಯೋಜನೆ ಬೇಕೆನ್ನುವವರನ್ನು ನೆಲದ ಕಷ್ಟ ಅರಿಯದವರೆಂದು ಹಳಿಯುವುದೂ ಅಷ್ಟೇ ಸುಲಭ. ಎರಡೂ ಕಡೆ ಗಟ್ಟಿ ಮಾತುಗಳಿವೆ, ಎರಡೂ ಕಡೆ ಜಳ್ಳೂ ಇದೆ. ನಮ್ಮಲ್ಲಿ ಚರ್ಚೆ ಹೆಚ್ಚಾಗಿ ಹಣದ ಸುತ್ತಲೇ ಸುತ್ತುತ್ತದೆ. ನನಗೆ ಕಾಣುವಂತೆ ನಿಜವಾದ ತೊಡಕು ಇರುವುದು ಕಾಲದ ಲೆಕ್ಕದಲ್ಲಿ.

ಮೊದಲು ಯಂತ್ರವನ್ನು ಹತ್ತಿರದಿಂದ ನೋಡೋಣ. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ನಾಲ್ಕು ನಾಲ್ಕು ಕಿಲೊಮೀಟರ್ ಉದ್ದದ ಎರಡು ಕೊಳವೆಗಳು. ಒಳಗಿನ ಗಾಳಿಯನ್ನೆಲ್ಲ ಹೊರಗೆಳೆದಿರುತ್ತಾರೆ. ಉಳಿಯುವ ಒತ್ತಡ ನಮ್ಮ ಸುತ್ತಲಿನ ವಾಯುಭಾರದ ಒಂದು ಲಕ್ಷ ಕೋಟಿಯಲ್ಲಿ ಒಂದು ಪಾಲು. ಒಂದೇ ಲೇಸರ್ ಕಿರಣವನ್ನು ಸೀಳಿ ಎರಡೂ ಕೊಳವೆಗಳಿಗೆ ಬಿಟ್ಟು, ತುದಿಯ ಕನ್ನಡಿಗೆ ತಾಗಿ ಮರಳಿ ಬಂದಾಗ ಎರಡು ದಾರಿಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಿದೆಯೇ ಎಂದು ನೋಡುತ್ತಾರೆ. ಕೂದಲೆಳೆ ಎಂದದ್ದು ತೀರಾ ದೊಡ್ಡ ಅಳತೆಯಾಯಿತು. 2015ರಲ್ಲಿ ಸಿಕ್ಕ ಮೊದಲ ಅಲೆ ಆ ನಾಲ್ಕು ಕಿಲೊಮೀಟರ್ ದಾರಿಯನ್ನು ಬದಲಿಸಿದ್ದು ಒಂದು ಪ್ರೋಟಾನಿನ ವ್ಯಾಸಕ್ಕಿಂತ ನೂರಾರು ಪಟ್ಟು ಕಡಿಮೆ. ಇದನ್ನು ಹಿಡಿಯಬೇಕಾದರೆ ಕನ್ನಡಿ ನೆಲದ ಯಾವ ನಡುಕಕ್ಕೂ ಅಲುಗಬಾರದು. ಒಂದೊಂದು ಕನ್ನಡಿಯ ತೂಕ 40 ಕಿಲೊ, ಅಗಲ 34 ಸೆಂಟಿಮೀಟರ್. ಅದನ್ನು ನಾಲ್ಕು ಗಾಜಿನ ಎಳೆಗಳಿಂದ ತೂಗುಹಾಕಿರುತ್ತಾರೆ. ಎಳೆಯ ಉದ್ದ 60 ಸೆಂಟಿಮೀಟರ್, ದಪ್ಪ 0.4 ಮಿಲಿಮೀಟರ್. ಅದರ ಮೇಲೆ ಇನ್ನೊಂದು ತೂಗು, ಅದರ ಮೇಲೆ ಮತ್ತೊಂದು, ಹೀಗೆ ಒಟ್ಟು ನಾಲ್ಕು ಹಂತ. ಆ ಎಳೆಗಳನ್ನು ಕೈ ತಾಗಿಸದೆ ಎಳೆದು, ಕನ್ನಡಿಯ ಬದಿಗೆ ಬೆಸೆಯುವ ಕೆಲಸ ಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಹಿಂಗೋಲಿಯಲ್ಲಿ ಈ ಕೆಲಸ ನಮ್ಮವರು ಮಾಡಬೇಕು. ಮುಂದೆ ಹೇಳಲಿರುವ ಭರವಸೆಗೂ ಆತಂಕಕ್ಕೂ ಇದೇ ಮೂಲ.

2015ರ ಸೆಪ್ಟೆಂಬರ್ 14, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ. ಅಮೆರಿಕದ ಲಿವಿಂಗ್‌ಸ್ಟನ್ ಕೇಂದ್ರಕ್ಕೆ ಅಲೆ ತಾಗಿತು, 6.9 ಮಿಲಿಸೆಕೆಂಡ್ ತಡೆದು 3,000 ಕಿಲೊಮೀಟರ್ ಆಚೆಯ ಹ್ಯಾನ್‌ಫರ್ಡ್ ಕೇಂದ್ರಕ್ಕೆ ತಾಗಿತು. ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಾ ಬಂದು ಒಂದಾಗಿದ್ದವು. ಒಂದಾದ ಮೇಲಿನ ತೂಕ 62. ಉಳಿದ ಮೂರು ಸೂರ್ಯರಷ್ಟು ದ್ರವ್ಯ ಅಲೆಯ ಶಕ್ತಿಯಾಗಿ ಹರಡಿಹೋಗಿತ್ತು. ಆ ಘಟನೆ ನಡೆದು 130 ಕೋಟಿ ವರ್ಷ ಆಗಿತ್ತು; ನಮಗೆ ಕೇಳಿಸಿದ್ದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು.

ಈ ಸಾಧನೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು, ಮತ್ತು ಅದು ಬಹಳ ಹಳೆಯದು. ಕನ್ನಡ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಕಪ್ಪುಕುಳಿಯನ್ನು ಕದಡಿದರೆ ಅದು ಬಾರಿಸಿದ ಗಂಟೆಯಂತೆ ತನ್ನದೇ ಸ್ವರದಲ್ಲಿ ಮಿಡಿದು ಬೇಗನೆ ಅಡಗುತ್ತದೆ, ಆ ಸ್ವರದಿಂದ ಕಪ್ಪುಕುಳಿಯ ಗುರುತು ಹಿಡಿಯಬಹುದು ಎಂಬುದು ಅದರ ತಿರುಳು. ಕಪ್ಪುಕುಳಿ ನಿಜವಾಗಿ ಇದೆಯೆಂದು ನಂಬುವವರೇ ಕಡಿಮೆಯಿದ್ದ ಕಾಲ ಅದು. ನಲವತ್ತೈದು ವರ್ಷಗಳ ನಂತರ ಲೈಗೊ ದಾಖಲೆಯ ಕೊನೆಯಲ್ಲಿ ಆ ಅಡಗುವ ಸ್ವರ ಕಾಣಿಸಿಕೊಂಡಿತು. ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ವಿಶ್ವೇಶ್ವರ ಅದನ್ನು ಕಂಡೇ 2017ರ ಜನವರಿಯಲ್ಲಿ ತೀರಿಕೊಂಡರು. 2025ರ ಜನವರಿ 14ರಂದು ಇನ್ನೂ ಬಹಳ ಸ್ಪಷ್ಟವಾದ ಅಲೆಯೊಂದು ದಾಖಲಾಯಿತು. ಅದರಲ್ಲಿ ಆ ಸ್ವರವನ್ನು ಬಿಡಿಸಿ ನೋಡಿ, ಎರಡು ಕಪ್ಪುಕುಳಿಗಳ ಒಟ್ಟು ಮೇಲ್ಮೈ ಮೊದಲು ಸುಮಾರು 2.4 ಲಕ್ಷ ಚದರ ಕಿಲೊಮೀಟರ್ ಇತ್ತು, ಕೂಡಿದ ಮೇಲೆ ಸುಮಾರು 4 ಲಕ್ಷವಾಯಿತು ಎಂದು ಲೆಕ್ಕ ಹಾಕಿದರು. ಕರ್ನಾಟಕದ ವಿಸ್ತೀರ್ಣ 1.92 ಲಕ್ಷ ಚದರ ಕಿಲೊಮೀಟರ್. ಕೂಡಿದ ಮೇಲಿನ ಮೇಲ್ಮೈ ಎರಡು ಕರ್ನಾಟಕಕ್ಕಿಂತ ತುಸು ಹೆಚ್ಚೆನ್ನಿ. ಕಪ್ಪುಕುಳಿಯ ಮೇಲ್ಮೈ ಎಂದೂ ಕುಗ್ಗಲಾರದು ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಹೇಳಿದ್ದ ಮಾತಿಗೆ ಅದು ಗಟ್ಟಿಯಾದ ಸಾಕ್ಷಿಯಾಯಿತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಾಲ ಅಯ್ಯರ್ ಅವರು ಫ್ರೆಂಚ್ ಸಹೋದ್ಯೋಗಿಗಳೊಡನೆ ದಶಕಗಳ ಕಾಲ ಕಪ್ಪುಕುಳಿಗಳ ಸುತ್ತಾಟದ ಗಣಿತ ಬೆಳೆಸಿದರು. ಪುಣೆಯ ಐಯುಕಾ ಸಂಸ್ಥೆಯಲ್ಲಿ ಸಂಜೀವ ಧುರಂಧರ್ ಅವರೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಮಾಡಿದ ಬಿ.ಎಸ್. ಸತ್ಯಪ್ರಕಾಶ್ ಅವರೂ ಗದ್ದಲದೊಳಗಿಂದ ಅಲೆಯನ್ನು ಹೆಕ್ಕುವ ಲೆಕ್ಕಾಚಾರವನ್ನು 1991ರಲ್ಲೇ ರೂಪಿಸಿದರು. ಯೋಜನೆ ಬೇಕೆನ್ನುವವರ ಮೊದಲ ವಾದ ಇಲ್ಲಿಂದಲೇ ಹುಟ್ಟುತ್ತದೆ. ಕಾಗದ, ಪೆನ್ನು, ಕಂಪ್ಯೂಟರಿನ ಕೆಲಸದಲ್ಲಿ ನಾವು ಮೊದಲ ಸಾಲಿನಲ್ಲಿದ್ದೆವು. ಉಪಕರಣದ ಬಳಿ ನಮ್ಮವರು ಇದ್ದದ್ದು ತೀರಾ ಕಡಿಮೆ. ಆ ಕೊರತೆ ತುಂಬಲು ಇಂಥ ಅವಕಾಶ ಮತ್ತೆ ಸಿಗದು ಎನ್ನುತ್ತಾರೆ. ಈ ಮಾತಿನಲ್ಲಿ ಅಭಿಮಾನ ಇದೆ, ಆದರೆ ಅಭಿಮಾನವೊಂದೇ 2,600 ಕೋಟಿಗೆ ಸಮರ್ಥನೆಯಾಗದು.

ನನ್ನನ್ನು ಹೆಚ್ಚು ಒಪ್ಪಿಸಿದ್ದು ಎರಡನೆಯ ವಾದ. ಗುರುತ್ವ ಅಲೆಯ ಯಂತ್ರಕ್ಕೆ ದಿಕ್ಕು ತಿಳಿಯುವುದಿಲ್ಲ. ಅಲೆ ಯಾವ ಕೇಂದ್ರಕ್ಕೆ ಮೊದಲು ತಾಗಿತು, ಯಾವುದಕ್ಕೆ ಎಷ್ಟು ತಡವಾಗಿ ತಾಗಿತು ಎಂಬುದರಿಂದ ದಿಕ್ಕನ್ನು ಊಹಿಸಬೇಕು. ಎರಡೇ ಕೇಂದ್ರಗಳಿದ್ದರೆ ಊಹೆ ಬಹಳ ಮೊಂಡು. 2015ರ ಮೊದಲ ಅಲೆ ಆಕಾಶದ ಸುಮಾರು 600 ಚದರ ಡಿಗ್ರಿಯಲ್ಲಿ ಎಲ್ಲಿಂದಲೋ ಬಂದಿತ್ತು. ಹುಣ್ಣಿಮೆಯ ಚಂದ್ರ ಮುಚ್ಚುವ ಜಾಗದ ಸುಮಾರು 3,000 ಪಟ್ಟು ಅದು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆದ ಅಲೆ ಬಂದಾಗ ಇಟಲಿಯ ವರ್ಗೊ ಕೇಂದ್ರ ಕೆಲಸ ಶುರು ಮಾಡಿ ಕೆಲವೇ ದಿನ ಆಗಿತ್ತು. ಅಮೆರಿಕದ ಎರಡೂ ಕಡೆ ಅಲೆ ಜೋರಾಗಿ ಕಂಡಿತು. ವರ್ಗೊದಲ್ಲಿ ಕಂಡೂ ಕಾಣದಂತಿತ್ತು. ಯಂತ್ರ ಕೆಟ್ಟಿರಲಿಲ್ಲ. ಪ್ರತಿ ಕೇಂದ್ರಕ್ಕೂ ತನಗೆ ಕೇಳಿಸದ ಕೆಲವು ದಿಕ್ಕುಗಳಿರುತ್ತವೆ. ವರ್ಗೊಗೆ ಕೇಳಿಸದ ದಿಕ್ಕಿನ ಹತ್ತಿರದಿಂದಲೇ ಅಲೆ ಬಂದಿದೆ ಎಂದು ವಿಜ್ಞಾನಿಗಳು ಅರ್ಥ ಮಾಡಿಕೊಂಡರು. ಹುಡುಕಬೇಕಾದ ಜಾಗ 28 ಚದರ ಡಿಗ್ರಿಗೆ ಇಳಿಯಿತು. ಹನ್ನೊಂದು ಗಂಟೆಯೊಳಗೆ ಚಿಲಿಯ ದೂರದರ್ಶಕವೊಂದಕ್ಕೆ 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಎಂಬ ಗ್ಯಾಲಕ್ಸಿಯಲ್ಲಿ ಹೊಸ ಬೆಳಕಿನ ಚುಕ್ಕೆ ಕಾಣಿಸಿತು. ಸುಮಾರು 70 ವೀಕ್ಷಣಾಲಯಗಳು ಅತ್ತ ಮುಖ ಮಾಡಿದವು, ಪುಣೆ ಬಳಿಯ ನಮ್ಮ ಜಿಎಂಆರ್‌ಟಿ ರೇಡಿಯೊ ದೂರದರ್ಶಕವೂ ಸೇರಿ. ಚಿನ್ನದಂಥ ಭಾರವಾದ ಮೂಲವಸ್ತುಗಳು ಇಂಥ ಡಿಕ್ಕಿಗಳಲ್ಲಿ ಹುಟ್ಟುತ್ತವೆ ಎಂಬುದಕ್ಕೆ ನೇರ ಸಾಕ್ಷಿ ಸಿಕ್ಕಿದ್ದು ಹಾಗೆ. ಮೂರನೆಯ ಕೇಂದ್ರ ಇಲ್ಲದಿದ್ದರೆ ಆ ಚುಕ್ಕೆ ಆರಿಹೋಗುವ ಮೊದಲು ಸಿಗುತ್ತಿತ್ತೇ ಎಂಬುದು ಅನುಮಾನ.

ಉಲ್ಟಾ ಉದಾಹರಣೆಯೂ ಇದೆ. 2019ರ ಏಪ್ರಿಲ್ 25ರಂದು ಮತ್ತೊಂದು ನ್ಯೂಟ್ರಾನ್ ತಾರೆ ಜೋಡಿಯ ಅಲೆ ಬಂತು. ಆ ಹೊತ್ತಿಗೆ ಹ್ಯಾನ್‌ಫರ್ಡ್ ಕೇಂದ್ರ ನಿಂತಿತ್ತು. ವರ್ಗೊದಲ್ಲಿ ಗುರುತಿಸುವಷ್ಟು ಕಾಣಲಿಲ್ಲ. ಸಿಕ್ಕ ಜಾಗ 8,000 ಚದರ ಡಿಗ್ರಿಗೂ ಹೆಚ್ಚು, ಅಂದರೆ ಇಡೀ ಆಕಾಶದ ಐದನೆಯ ಒಂದು ಪಾಲು. ಯಾವ ದೂರದರ್ಶಕಕ್ಕೂ ಅದರ ಬೆಳಕು ಸಿಗಲಿಲ್ಲ. ಇಂಥ ಯಂತ್ರಗಳು ಆಗಾಗ ಬಂದ್ ಆಗುವುದು ಸಹಜ. ದೂರದ ಭೂಕಂಪ, ಬಿರುಗಾಳಿ, ದುರಸ್ತಿ ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಮೂರು ಕೇಂದ್ರಗಳು ಸದಾ ಎಚ್ಚರವಿರಬೇಕಾದರೆ ನಾಲ್ಕೋ ಐದೋ ಕಟ್ಟಿರಬೇಕು. ಅಮೆರಿಕ, ಯುರೋಪ್ ಎರಡರಿಂದಲೂ ಬಹುದೂರ ಇರುವ ಭಾರತದಲ್ಲಿ ಒಂದು ಕೇಂದ್ರವಿದ್ದರೆ ಅಲೆ ತಲುಪುವ ಕಾಲದ ಅಂತರ ಹಿಗ್ಗುತ್ತದೆ, ದಿಕ್ಕು ಮೊನಚಾಗುತ್ತದೆ. ಇದು ಭೂಗೋಳ ಕೊಟ್ಟ ವರ. ಅಮೆರಿಕ ತನ್ನ ಬಳಿಯಿದ್ದ ಮೂರನೆಯ ಯಂತ್ರದ ಬಿಡಿಭಾಗಗಳನ್ನು ಮೊದಲು ಆಸ್ಟ್ರೇಲಿಯಾಕ್ಕೆ ಕೊಡಲು ಮುಂದಾಗಿತ್ತು. ಅಲ್ಲಿನ ಸರ್ಕಾರ ಹಣ ಹೊಂದಿಸದ ಕಾರಣ 2011ರಲ್ಲಿ ಅದು ಕೈಬಿಟ್ಟುಹೋಗಿ ನಮ್ಮ ಕಡೆ ತಿರುಗಿತು. ಬರುವ ಭಾಗಗಳ ಬೆಲೆ ಸುಮಾರು 8 ಕೋಟಿ ಡಾಲರ್, 560 ಕೋಟಿ ರೂಪಾಯಿ. ಅದು 2,600 ಕೋಟಿಯ ಲೆಕ್ಕದ ಹೊರಗೆ.

ಇನ್ನು ಬೇಡವೆನ್ನುವವರ ಮಾತು. ಹಸಿದ ದೇಶಕ್ಕೆ ಆಕಾಶದ ಅಲೆ ಯಾಕೆ ಎಂಬ ಪ್ರಶ್ನೆಯನ್ನು ನಾನು ಲಘುವಾಗಿ ತೆಗೆದುಕೊಳ್ಳಲಾರೆ. ಯೋಜನೆಯ ಜಾಗವೇ ಮರಾಠವಾಡ, ಬರಕ್ಕೆ ಹೆಸರಾದ ನಾಡು; ನಮ್ಮ ಬೀದರ್, ಕಲಬುರಗಿಗಳಂತೆ ಒಂದು ಕಾಲಕ್ಕೆ ನಿಜಾಮರ ಹೈದರಾಬಾದಿಗೆ ಸೇರಿದ್ದ ಸೀಮೆ. ಆದರೆ ಲೆಕ್ಕ ಹಾಕಿ ನೋಡಿದರೆ ಈ ವಾದ ನಿಲ್ಲುವುದಿಲ್ಲ. 2,600 ಕೋಟಿಯನ್ನು ಏಳು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 370 ಕೋಟಿ. 2023-24ರ ಕೇಂದ್ರ ಬಜೆಟ್ಟಿನ ಗಾತ್ರ 45 ಲಕ್ಷ ಕೋಟಿ. ಅದರ ಹತ್ತು ಸಾವಿರದಲ್ಲಿ ಒಂದು ಪಾಲೂ ಆಗದ ಮೊತ್ತ ಇದು. ಇದನ್ನು ಉಳಿಸಿದರೆ ಬಡತನ ನೀಗುತ್ತದೆ ಎಂಬುದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಅದೇ ವಾದವನ್ನು ವಿಜ್ಞಾನದೊಳಗಿನವರು ಬೇರೆ ರೀತಿ ಮುಂದಿಡುತ್ತಾರೆ. ಅದಕ್ಕೆ ಉತ್ತರಿಸುವುದು ಕಷ್ಟ. ಭಾರತ ಸಂಶೋಧನೆಗೆ ಹಾಕುವ ಹಣ ಒಟ್ಟು ಉತ್ಪನ್ನದ ಶೇ 0.64ರಷ್ಟು, ಚೀನಾ ಹಾಕುವುದು ಶೇ 2ಕ್ಕೂ ಹೆಚ್ಚು. ತಟ್ಟೆ ಸಣ್ಣದಿದ್ದಾಗ ದೊಡ್ಡ ತುತ್ತು ತೆಗೆದವನ ಮೇಲೆ ಪಕ್ಕದವನಿಗೆ ಸಿಟ್ಟು ಬರುವುದು ಸಹಜ. 2018-19ರಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಶಿಷ್ಯವೇತನ ಏರಿಸಿ ಎಂದು ಬೀದಿಗಿಳಿಯಬೇಕಾಯಿತು. ಜಿಲ್ಲಾ ಕೇಂದ್ರಗಳ ವಿಶ್ವವಿದ್ಯಾಲಯಗಳ ಭೌತವಿಜ್ಞಾನ ವಿಭಾಗಗಳಲ್ಲಿ ಪ್ರಯೋಗಕ್ಕೆ ಬೇಕಾದ ಸಾಮಾನ್ಯ ಪಂಪು, ಲೇಸರುಗಳಿಗೂ ಪರದಾಟ. ದೊಡ್ಡ ಯೋಜನೆಗೆ ಸಿಗುವ ರಾಜಕೀಯ ಬೆಂಬಲ ಸಣ್ಣ ಪ್ರಯೋಗಾಲಯಕ್ಕೆ ಎಂದೂ ಸಿಗುವುದಿಲ್ಲ, ಯಾಕೆಂದರೆ ಅದಕ್ಕೆ ಶಿಲಾನ್ಯಾಸದ ವೇದಿಕೆ ಇರುವುದಿಲ್ಲ. ಈ ಅಸಮಾಧಾನ ನ್ಯಾಯವಾದದ್ದು. ಹಿಂಗೋಲಿಯ ಯಂತ್ರ ನಿಲ್ಲಿಸಿದರೆ ಆ ಹಣ ಕಲಬುರಗಿಯ ಅಥವಾ ಧಾರವಾಡದ ಪ್ರಯೋಗಾಲಯಕ್ಕೆ ಹೋಗುತ್ತದೆಯೇ ಎಂದು ಕೇಳಿದರೆ ಮಾತ್ರ, ಹೋಗುತ್ತದೆಂದು ನಂಬಲು ನನಗೆ ಆಧಾರ ಸಿಕ್ಕಿಲ್ಲ.

ಇರುವುದನ್ನೇ ಬಳಸಿ ಎನ್ನುವವರೂ ಇದ್ದಾರೆ. ಅವರ ಬಳಿ ಒಳ್ಳೆಯ ಸಾಕ್ಷಿಯಿದೆ. 2023ರ ಜೂನ್ 29ರಂದು ಭಾರತ ಮತ್ತು ಯುರೋಪಿನ ಖಗೋಳಜ್ಞರು ಸೇರಿ, ಇತರ ದೇಶಗಳ ತಂಡಗಳೊಡನೆ ಅದೇ ದಿನ, ಅತಿ ನಿಧಾನದ ಗುರುತ್ವ ಅಲೆಗಳ ಕುರುಹು ಪ್ರಕಟಿಸಿದರು. ಪಲ್ಸಾರ್ ತಾರೆಗಳ ಮಿಡಿತವನ್ನು ವರ್ಷಗಟ್ಟಲೆ ಅಳೆದು ಕಂಡುಕೊಂಡದ್ದು. ನಮ್ಮ ಕಡೆಯಿಂದ ಬಳಸಿದ್ದು ನಾವೇ ಕಟ್ಟಿದ ಜಿಎಂಆರ್‌ಟಿ. ಹೊಸ ಕಟ್ಟಡವಿಲ್ಲ, ಹೊರಗಿನಿಂದ ತಂದ ಯಂತ್ರವಿಲ್ಲ. ಸಂತೋಷಪಡಬೇಕಾದ ಕೆಲಸವೇ. ಆದರೆ ಆ ಅಲೆಗಳು ಒಂದು ಸಲ ಏರಿ ಇಳಿಯಲು ವರ್ಷಗಳೇ ಬೇಕು. ಅವು ಗ್ಯಾಲಕ್ಸಿಗಳ ಕೇಂದ್ರಭಾಗದ ದೈತ್ಯ ಕಪ್ಪುಕುಳಿಗಳವು. ಸೆಕೆಂಡಿಗೆ ನೂರಾರು ಸಲ ಮಿಡಿಯುವ ಅಲೆ ಹಿಡಿಯಲು ಅದು ಬರುವುದಿಲ್ಲ. ಒಂದರ ಬದಲು ಇನ್ನೊಂದು ಎನ್ನುವಂತಿಲ್ಲ.

ಈಗ ಕಾಲದ ಮಾತಿಗೆ ಬರೋಣ. ಲೈಗೊ-ಇಂಡಿಯಾ ಎಂಬ ಹೆಸರಿನ ಈ ಯೋಜನೆಯ ಪರವಾಗಿರುವವರು ಇಲ್ಲಿಯೇ ಹೆಚ್ಚು ಯೋಚಿಸಬೇಕು.

ಜಪಾನಿನ ಕಾಗ್ರಾ ಕೇಂದ್ರವನ್ನು ನೋಡಿ. ನೆಲದಡಿಯಲ್ಲಿ ಮೂರು ಕಿಲೊಮೀಟರಿನ ಕೊಳವೆಗಳು, ಕೊರೆಯುವ ಚಳಿಗೆ ಇಳಿಸಿದ ಸಫೈರ್ ಕನ್ನಡಿಗಳು. ಜಪಾನಿನವರಂಥ ನುರಿತ ಕೈಗಳು. 2023ರ ಮೇ ತಿಂಗಳಲ್ಲಿ ಅದು ಉಳಿದವರ ಜೊತೆ ವೀಕ್ಷಣೆಗೆ ಕೂತಾಗ ನ್ಯೂಟ್ರಾನ್ ತಾರೆಗಳ ಡಿಕ್ಕಿಯನ್ನು ಕೇಳಬಲ್ಲ ದೂರ ಸುಮಾರು 42 ಲಕ್ಷ ಜ್ಯೋತಿರ್ವರ್ಷ. ಅಮೆರಿಕದ ಲೈಗೊಗೆ ಆಗ ಸುಮಾರು 50 ಕೋಟಿ ಜ್ಯೋತಿರ್ವರ್ಷದವರೆಗೆ ಕೇಳುತ್ತಿತ್ತು. ಒಂದು ತಿಂಗಳಿಗೆ ಕಾಗ್ರಾ ಹಿಂದೆ ಸರಿದು ದುರಸ್ತಿಗೆ ಕೂತಿತು. 2024ರ ಜನವರಿ 1ರ ನೋಟೊ ಭೂಕಂಪ ಅದನ್ನು ಜಖಂ ಮಾಡಿತು. ಮತ್ತೆ ವೀಕ್ಷಣೆಗೆ ಬಂದದ್ದು 2025ರ ಜೂನ್‌ನಲ್ಲಿ. ಇಟಲಿಯ ವರ್ಗೊ ಕೂಡ 2023ರ ಮೇ ತಿಂಗಳಲ್ಲಿ ಶುರುವಾದ ಆ ವೀಕ್ಷಣೆಯ ಸುತ್ತಿಗೆ ಸೇರಿದ್ದು 2024ರ ಏಪ್ರಿಲ್‌ನಲ್ಲಿ, ಸುಮಾರು ಹತ್ತು ತಿಂಗಳು ತಡವಾಗಿ. ಸೇರಿದಾಗಲೂ ಅಂದುಕೊಂಡಷ್ಟು ದೂರ ಅದಕ್ಕೆ ಕೇಳುತ್ತಿರಲಿಲ್ಲ. ಕಟ್ಟಡ ಮುಗಿಯುವುದು ಒಂದು ಕೆಲಸ, ಯಂತ್ರಕ್ಕೆ ಕಿವಿ ಮೂಡುವುದು ಬೇರೆಯೇ ಕೆಲಸ. ಎರಡನೆಯದಕ್ಕೆ ಹಿಡಿಯುವ ವರ್ಷಗಳು ಯಾವ ಸಂಪುಟ ಟಿಪ್ಪಣಿಯಲ್ಲೂ ಸರಿಯಾಗಿ ಬರುವುದಿಲ್ಲ. 2030ಕ್ಕೆ ಕಟ್ಟಿ ಮುಗಿಸಿದರೂ ನಮ್ಮ ಕೇಂದ್ರ ಉಳಿದವರ ಸಮಕ್ಕೆ ಕೇಳಿಸಿಕೊಳ್ಳಲು ಇನ್ನೂ ಕೆಲವು ವರ್ಷ ಬೇಕು. ಅಷ್ಟರಲ್ಲಿ ಅಮೆರಿಕ 40 ಕಿಲೊಮೀಟರ್ ಕೈಗಳ ಕಾಸ್ಮಿಕ್ ಎಕ್ಸ್‌ಪ್ಲೋರರ್, ಯುರೋಪ್ ನೆಲದಡಿಯ ಐನ್‌ಸ್ಟೈನ್ ಟೆಲಿಸ್ಕೋಪ್ ಕಟ್ಟುವ ಆಸೆಯಲ್ಲಿವೆ. ನಾವು ಓಟಕ್ಕೆ ಸಿದ್ಧರಾಗುವ ಹೊತ್ತಿಗೆ ಉಳಿದವರು ಬೇರೆ ಮೈದಾನಕ್ಕೆ ಹೋಗಿರುತ್ತಾರೆ ಎಂಬ ಆತಂಕ ಸುಳ್ಳಲ್ಲ.

ಇದಕ್ಕೆ ಪರವಾದಿಗಳ ಉತ್ತರ ಎರಡು. ಕಾಗ್ರಾ ಯಾರೂ ನಡೆಯದ ದಾರಿ ಹಿಡಿಯಿತು. ನಾವು ಕಟ್ಟುವುದು ಎರಡು ಕಡೆ ಕೆಲಸ ಮಾಡಿ ತೋರಿಸಿದ ವಿನ್ಯಾಸ. ಈ ಮಾತು ಸರಿ, ಅದಕ್ಕೆ ಬೆಲೆಯಿದೆ. ಎರಡನೆಯದು, ಹೊಸ ಪೀಳಿಗೆಯ ಯಂತ್ರಗಳಿಗೆ ಹಣವೇ ಇನ್ನೂ ಖಚಿತವಾಗಿಲ್ಲ. ಅಮೆರಿಕದ ಶ್ವೇತಭವನ 2026ರ ಬಜೆಟ್ ಪ್ರಸ್ತಾವದಲ್ಲಿ ಲೈಗೊದ ಎರಡು ಕೇಂದ್ರಗಳಲ್ಲಿ ಒಂದನ್ನೇ ನಡೆಸಿದರೆ ಸಾಕು ಎಂದಿತು. ಪ್ರಸ್ತಾವವೇ ನಿರ್ಧಾರವಲ್ಲ. ಆದರೂ ಅದನ್ನು ಎರಡು ಬಗೆಯಲ್ಲಿ ಓದಬಹುದು: ನಾವು ನೆಚ್ಚಿಕೊಂಡ ಜೊತೆಗಾರರೇ ಅಲುಗುತ್ತಿದ್ದಾರೆ ಎಂದು ಹಿಂಜರಿಯಬಹುದು, ಅಥವಾ ಅಲ್ಲೊಂದು ಮುಚ್ಚಿದರೆ ಇಲ್ಲೊಂದು ಇರಲೇಬೇಕು ಎಂದು ಗಟ್ಟಿಯಾಗಬಹುದು. ಎರಡನೆಯ ಓದಿನಲ್ಲಿ ಹೆಚ್ಚು ಹುರುಳಿದೆ ಎಂಬುದು ನನ್ನ ಅನಿಸಿಕೆ.

ಅಮೆರಿಕದಲ್ಲೂ ಇದೇ ವಾಗ್ವಾದ ನಡೆದಿತ್ತು. 1990ರಲ್ಲಿ ಲೈಗೊಗೆ ಅನುಮೋದನೆ ಸಿಕ್ಕ ಬೆನ್ನಿಗೇ ಖಗೋಳಜ್ಞರೇ ತಿರುಗಿಬಿದ್ದರು. ಸ್ವತಃ ಗುರುತ್ವ ಅಲೆ ಹುಡುಕಿದ್ದ ಆಂಟನಿ ಟೈಸನ್ 1991ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಂಶಯ ಹೇಳಿದರು. ಜಾನ್ ಬಾಕಾಲ್, ಜೆರಮಾಯಾ ಆಸ್ಟ್ರೈಕರ್ ಅವರಂಥ ದೊಡ್ಡವರು ವಿರೋಧಿಸಿದರು. 2002ರಿಂದ 2010ರವರೆಗೆ ಯಂತ್ರ ನಡೆದರೂ ಒಂದೇ ಒಂದು ಅಲೆ ಸಿಗಲಿಲ್ಲ. ಆಗ ನಿಲ್ಲಿಸಿದ್ದರೆ ಟೈಸನ್ ಸರಿಯೆಂದು ಚರಿತ್ರೆ ಬರೆಯುತ್ತಿತ್ತು. ನಿಲ್ಲಿಸಲಿಲ್ಲ, 2015ರಲ್ಲಿ ಅಲೆ ಸಿಕ್ಕಿತು, 2017ರಲ್ಲಿ ರೈನರ್ ವೈಸ್, ಬ್ಯಾರಿ ಬ್ಯಾರಿಷ್, ಕಿಪ್ ಥಾರ್ನ್ ಅವರಿಗೆ ನೊಬೆಲ್ ಬಂತು. ಈ ಕಥೆಯನ್ನು ನಮ್ಮ ಪರವಾದಿಗಳು ತುಂಬ ಇಷ್ಟಪಟ್ಟು ಹೇಳುತ್ತಾರೆ. ಅದೇ ಅಮೆರಿಕ 1993ರಲ್ಲಿ ಟೆಕ್ಸಾಸಿನ ಸೂಪರ್ ಕೊಲೈಡರನ್ನು ಸುಮಾರು 200 ಕೋಟಿ ಡಾಲರ್ ಸುರಿದ ಮೇಲೆ ಅರ್ಧಕ್ಕೇ ಬಿಟ್ಟಿತು ಎಂಬ ಕಥೆಯನ್ನೂ ಜೊತೆಗೇ ಹೇಳಬೇಕು. ಲೈಗೊ ಗೆದ್ದಿತೆಂಬ ಕಾರಣಕ್ಕೆ ಪ್ರತಿ ದೊಡ್ಡ ಯೋಜನೆಯೂ ಗೆಲ್ಲುತ್ತದೆಂದು ಹೇಳಬರುವುದಿಲ್ಲ.

ಜಾಗದ ಬಗ್ಗೆ ಚುಟುಕಾಗಿ. ಹಿಂಗೋಲಿಯನ್ನು ಆರಿಸಿದ್ದು ಅಲ್ಲಿನ ನೆಲದ ಶಾಂತಿಗಾಗಿ. ಸುತ್ತ ದೊಡ್ಡ ಕಾರ್ಖಾನೆಗಳ, ಹೆದ್ದಾರಿಗಳ ಗದ್ದಲ ಕಡಿಮೆ. ಆದರೆ 2024ರ ಮಾರ್ಚ್ 21ರಂದು ಆ ಜಿಲ್ಲೆಯಲ್ಲೇ 4.5 ತೀವ್ರತೆಯ ಭೂಕಂಪವಾಯಿತು, ಮತ್ತು 1993ರ ಕಿಲ್ಲಾರಿ ಭೂಕಂಪವನ್ನು ಮರಾಠವಾಡ ಮರೆತಿಲ್ಲ. ಲಿವಿಂಗ್‌ಸ್ಟನ್ನಿನಲ್ಲಿ ಸುತ್ತಲ ಕಾಡಿನ ಮರ ಕಡಿಯುವ ಕೆಲಸದ ನಡುಕಕ್ಕೆ ಹಗಲು ಹೊತ್ತು ಯಂತ್ರ ನಡೆಸುವುದೇ ಕಷ್ಟವಾಗಿತ್ತು. 2004ರಲ್ಲಿ ಹೊಸ ಕಂಪನ ತಡೆ ಅಳವಡಿಸಿದ ಮೇಲಷ್ಟೇ ಸುಧಾರಿಸಿತು. ಅಂದರೆ ಇಂಥ ಕೇಂದ್ರದ ನೆರೆಯಲ್ಲಿ ಕ್ವಾರಿ, ಭಾರಿ ಕಾರ್ಖಾನೆ, ರೈಲು ಮಾರ್ಗ ಬರಲಾಗದು. ಹಿಂದುಳಿದ ಜಿಲ್ಲೆಯ ಜನರಿಗೆ, ನಿಮ್ಮ ಊರಿನ ನಿಶ್ಶಬ್ದ ಹೀಗೇ ಇರಲಿ ಎಂದು ನಾವು ಕೇಳುತ್ತಿದ್ದೇವೆ. ಅದಕ್ಕೆ ಬದಲಾಗಿ ಅವರಿಗೆ ಏನು ಸಿಗುತ್ತದೆಂದು ಬರಹದಲ್ಲಿ ಹೇಳಬೇಕಾದದ್ದು ನ್ಯಾಯ.

ನಿಧಾನದ ಬೆಲೆ ಎಷ್ಟೆಂದು ಕನ್ನಡಿಗರಿಗೆ ಗೊತ್ತಿರಬೇಕು, ಏಕೆಂದರೆ ಅದನ್ನು ತೆತ್ತದ್ದು ನಮ್ಮ ನೆಲದಲ್ಲೇ. 1965ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೊಮೀಟರಿಗೂ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ಗೆಳೆಯರೊಡನೆ ವಾಯುಮಂಡಲದ ನ್ಯೂಟ್ರಿನೊಗಳನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಅಮೆರಿಕದ ತಂಡವೂ ಕಂಡಿತು. ಜಗತ್ತಿನಲ್ಲಿ ಮೊದಲಿಗರ ಸಾಲಿನಲ್ಲಿ ನಾವಿದ್ದೆವು. ಆ ಪ್ರಯೋಗಾಲಯ 1990ರ ದಶಕದ ಮೊದಲಲ್ಲಿ ಮುಚ್ಚಿತು. ಜಪಾನಿನವರು ಕಾಮಿಯೊಕ ಎಂಬ ತಮ್ಮ ಗಣಿಯ ಬೆಟ್ಟವನ್ನು ಬಿಡಲಿಲ್ಲ. ಅಲ್ಲಿನ ನ್ಯೂಟ್ರಿನೊ ಕೆಲಸಕ್ಕೆ 2002ರಲ್ಲಿ ಕೊಶಿಬಾ, 2015ರಲ್ಲಿ ಕಾಜಿತಾ ನೊಬೆಲ್ ಪಡೆದರು. ಈಗ ಕಾಗ್ರಾ ಇರುವುದೂ ಅದೇ ಬೆಟ್ಟದಲ್ಲಿ, ಅದನ್ನು ಕಟ್ಟಲು ಮುಂದೆ ನಿಂತವರೂ ಅದೇ ಕಾಜಿತಾ. ಒಂದು ಜಾಗ, ಒಂದು ತಂಡ, ಪಟ್ಟು ಬಿಡದ ಮೂವತ್ತು ನಲವತ್ತು ವರ್ಷ. ನಮ್ಮಲ್ಲಿ ಕೋಲಾರದ ನಂತರ ತಮಿಳುನಾಡಿನ ಥೇಣಿಯಲ್ಲಿ 1,500 ಕೋಟಿಯ ನ್ಯೂಟ್ರಿನೊ ವೀಕ್ಷಣಾಲಯಕ್ಕೆ 2015ರ ಜನವರಿಯಲ್ಲಿ ಸಂಪುಟ ಒಪ್ಪಿತು. ಸುತ್ತಲ ಜನರಿಗೆ ಮೊದಲೇ ತಿಳಿಹೇಳಿ ವಿಶ್ವಾಸ ಗಳಿಸುವ ಕೆಲಸ ಆಗಲಿಲ್ಲ, ವಿರೋಧ ಕೋರ್ಟು ಹತ್ತಿತು, ರಾಜ್ಯ ಸರ್ಕಾರ ಒಪ್ಪಲಿಲ್ಲ, ಯೋಜನೆ ನಿಂತಲ್ಲೇ ನಿಂತಿತು.

ಎರಡೂ ಕಡೆ ತೂಗಿ ನೋಡಿದ ಮೇಲೆ ನನ್ನ ತೀರ್ಪು ಹೀಗಿದೆ. ಹಿಂಗೋಲಿಯ ಕೇಂದ್ರವನ್ನು ಕಟ್ಟಬೇಕು. ಮೂರನೆಯ, ನಾಲ್ಕನೆಯ ಕಿವಿ ಬೇಕೆಂಬುದನ್ನು 2017 ಮತ್ತು 2019ರ ಆ ಎರಡು ಘಟನೆಗಳು ಸಂಶಯವಿಲ್ಲದೆ ತೋರಿಸಿವೆ. ಭಾರತದ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು. ಬಡತನದ ಹೆಸರಿನ ವಿರೋಧವನ್ನು ನಾನು ಒಪ್ಪುವುದಿಲ್ಲ. ಸಣ್ಣ ಪ್ರಯೋಗಾಲಯಗಳ ದೂರನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಅದಕ್ಕೆ ಮದ್ದು ಆ ಶೇ 0.64ನ್ನು ಏರಿಸುವುದು. ಕಾಲದ ಬಗ್ಗೆ ಎತ್ತಿರುವ ಆಕ್ಷೇಪ ಮಾತ್ರ ಇನ್ನೂ ಹಾಗೇ ನಿಂತಿದೆ, ಅದಕ್ಕೆ ಮಾತಿನಲ್ಲಿ ಉತ್ತರ ಕೊಡಲಾಗದು. ಆರು ದಿನದಲ್ಲಿ ಉತ್ಸಾಹ ತೋರಿಸಿ ಏಳು ವರ್ಷ ಕಡತ ತಿರುವಿದ ರೀತಿಯಲ್ಲೇ ಮುಂದೆಯೂ ನಡೆದರೆ, ಬೇಡವೆಂದವರೇ ಸರಿಯಾಗುತ್ತಾರೆ.

ಆದ್ದರಿಂದ ಯೋಜನೆಯ ಹೊಣೆ ಹೊತ್ತ ಪರಮಾಣು ಇಂಧನ ಇಲಾಖೆ ಪ್ರತಿ ವರ್ಷ ಏನು ಮುಗಿಯಿತು, ಎಷ್ಟು ಖರ್ಚಾಯಿತು, ಏನು ತಡವಾಯಿತು ಎಂಬುದನ್ನು ಸಂಸತ್ತಿನ ಮುಂದೆ ಇಡಬೇಕು. 2030 ಆಗದಿದ್ದರೆ ಆಗುವುದಿಲ್ಲವೆಂದು ಮೊದಲೇ ಹೇಳಬೇಕು. ಗಾಜಿನ ಎಳೆ ಬೆಸೆಯುವ, ನಿರ್ವಾತ ಕಾಯುವ, ಲೇಸರ್ ಹದಗೊಳಿಸುವ ತರುಣ ತರುಣಿಯರನ್ನು ಈಗಲೇ ಹ್ಯಾನ್‌ಫರ್ಡ್, ಲಿವಿಂಗ್‌ಸ್ಟನ್ನುಗಳಿಗೆ ಕಳಿಸಬೇಕು, ಮರಳಿ ಬಂದವರಿಗೆ ಗುತ್ತಿಗೆಯ ಬದಲು ಕಾಯಂ ಕೆಲಸ ಕೊಡಬೇಕು. ಔಂಢಾದ ಊರುಗಳವರ ಜೊತೆ ಅವರ ಮರಾಠಿಯಲ್ಲೇ ಕೂತು ಮಾತಾಡಬೇಕು. ಈ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಥೆಗಳ ದುಡಿಮೆಯೂ ಇದೆ, ನಮ್ಮೆಲ್ಲರ ತೆರಿಗೆಯೂ ಇದೆ. ನಿಮ್ಮ ಕ್ಷೇತ್ರದ ಸಂಸದರು ಮುಂದಿನ ಸಲ ಊರಿಗೆ ಬಂದಾಗ, ರಸ್ತೆ ಮತ್ತು ನೀರಿನ ಪ್ರಶ್ನೆ ಕೇಳಿದ ಮೇಲೆ, ಲೈಗೊ-ಇಂಡಿಯಾ ಎಲ್ಲಿಗೆ ಬಂತು ಎಂದೂ ಒಂದು ಮಾತು ಕೇಳಿ.